ಗುಮ್ಮಟದ ಹೆಗಲು

ಹುಕ್ಕೇರಿ
ಸೋಮವಾರ, ತಾ. ೧೪-೧೧-೧೯೩೮

ಚಿ. ಸೌ. ಶಿವವ್ವಳಿಗೆ ನಿನ್ನ ಅವ್ವ ಅಕ್ಕವ್ವ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ರೂಢಿ. ಈ ಸಲ ಆ ಸಾಲು ಬರೆಯಲಿಲ್ಲ. ನಿನ್ನ ಅಪ್ಪನನ್ನು ಮಣ್ಣಿಗಿಟ್ಟು ಇಂದಿಗೆ ಇಪ್ಪತ್ತೆರಡು ದಿನ. ನೀನು ಬರಲಿಲ್ಲ. ಅಳಿಯಂದಿರು ಒಬ್ಬರೇ ಬಂದರು, ನಿನಗೆ ಜ್ವರ ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡದೆ ಅಂಗಳದ ತುಳಸಿ ಗಿಡವನ್ನೇ ನೋಡುತ್ತಿದ್ದರು. ರಾಜಪ್ಪನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇಷ್ಟು ವರ್ಷ ಮೂಡಲಗಿಯಲ್ಲಿ ಬಟ್ಟೆ ಅಂಗಡಿ ಹೇಗೆ ನಡೆಸಿದರೋ ದೇವರೇ ಬಲ್ಲ. ನಾನೂ ಏನೂ ತಿಳಿಯದವಳಂತೆ ಜ್ವರಕ್ಕೆ ಕಷಾಯ ಹೇಳಿ ಕಳಿಸಿದೆ.

ನಿನ್ನ ಸಿಟ್ಟು ನನಗೆ ಗೊತ್ತಿದೆ. ಎರಡು ವರ್ಷದ ಹಿಂದೆ ನೀವು ಈ ಓಣಿಯಲ್ಲಿ ಕಟ್ಟಬೇಕೆಂದಿದ್ದ ಮನೆಯನ್ನು ನಿನ್ನ ಅಪ್ಪ ಹೊಂದುವುದಿಲ್ಲ ಎಂದು ತಳ್ಳಿಹಾಕಿದರು. ಮಗಳು ತವರಿನ ಓಣಿಗೆ ಬರುವುದನ್ನು ಹೆತ್ತ ತಂದೆಯೇ ತಪ್ಪಿಸಿದ ಎಂದು ನೀನು ತಿಳಿದೆ. ಅವರ ಮಣ್ಣಿಗೂ ಬರಲಿಲ್ಲ. ಶಿವವ್ವಾ, ತಳ್ಳಿದವಳು ನಾನು. ಅವರಲ್ಲ. ಇದನ್ನು ಹೇಳುವುದಕ್ಕೇ ಈ ಕಾಗದ. ಓದಿದ ಮೇಲೆ ನೀನು ನನ್ನನ್ನು ಅವ್ವ ಎನ್ನುವುದನ್ನು ಬಿಡಬಹುದು. ಅವರು ಹೋದ ಮೇಲೆ ನನ್ನವರು ಅಂತ ಉಳಿದವಳು ನೀನೊಬ್ಬಳೇ, ಅದೂ ಗೊತ್ತು. ಆದರೆ ಬರುವ ಸೋಮವಾರ, ತಾ. ೨೧ಕ್ಕೆ, ನಿಮ್ಮ ಜಾಗದಲ್ಲಿ ಮನೆಯ ಎತ್ತರ ನೋಡಲು ಮತ್ತೆ ಹಗ್ಗ ಹಿಡಿಯುತ್ತಾರೆ. ಅದಕ್ಕೆ ಮೊದಲು ನಿನಗೆ ಇದು ತಿಳಿದಿರಬೇಕು.

ನಾನು ಅತ್ತು ಅತ್ತು ಈ ಕಾಗದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡ. ನನಗೆ ಅಳು ಬಂದಿಲ್ಲ. ಮೂರನೆಯ ದಿನ ಪಕ್ಕದ ಮನೆಯ ಫಕೀರವ್ವ ಬೆನ್ನು ಸವರಿ, ಅತ್ತುಬಿಡು, ಎದೆ ಹಗುರಾಗುತ್ತದೆ ಎಂದಳು. ಭಾರವೇ ತಿಳಿಯದಿದ್ದರೆ ಹಗುರಾಗುವುದು ಏನು? ಬೆಳಿಗ್ಗೆ ಏಳುತ್ತೇನೆ, ಕಸ ಗುಡಿಸುತ್ತೇನೆ, ರೊಟ್ಟಿ ಬಡಿಯುತ್ತೇನೆ. ಕೈಗೆ ರೂಢಿಯಾಗಿ ಇಬ್ಬರಿಗೆ ಆಗುವಷ್ಟು ಬಡಿಯುತ್ತದೆ. ಉಳಿದದ್ದನ್ನು ಫಕೀರವ್ವನ ಎಮ್ಮೆಗೆ ಹಾಕುತ್ತೇನೆ. ನಿನ್ನ ದುಃಖದಿಂದ ನನ್ನ ಎಮ್ಮೆ ದಪ್ಪಗಾಯಿತು ನೋಡು ಎಂದು ಅವಳು ಮೊನ್ನೆ ಅಂದಾಗ ನನಗೆ ನಗು ಬಂತು. ನಕ್ಕ ಮೇಲೆ, ನಗಬಾರದಿತ್ತು ಎಂದೂ ಅನಿಸಲಿಲ್ಲ.

ಹಗ್ಗ ಹಿಡಿಯುವ ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ನೀನು ಗಂಡನ ಮನೆಗೆ ಹೋದ ಮೇಲೆ ಬಂದ ಪದ್ಧತಿ ಇದು, ನಿನಗೆ ಪೂರಾ ಗೊತ್ತಿರಲಾರದು. ನೀನು ಹೋದ ಮರುವರ್ಷ ಓಣಿಯ ಬಾಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ತನ್ನ ಮನೆಗೆ ತಗಡು ಹೊದಿಸಿದ. ಮಧ್ಯಾಹ್ನದ ಬಿಸಿಲಿಗೆ ಆ ತಗಡು ಹೊಳೆಯಿತೆಂದರೆ ಓಣಿಯ ಕೊನೆಗಿರುವ ಹಳೆಯ ಗೋರಿಯ ಗುಮ್ಮಟದ ಕಡೆ ಕಣ್ಣೆತ್ತಿ ನೋಡುವಂತಿರಲಿಲ್ಲ. ನಮ್ಮ ಓಣಿಗೆ ಹೆಸರು ಬಂದದ್ದೇ ಆ ಗುಮ್ಮಟದಿಂದ. ಗುಮ್ಮಟಕ್ಕೆ ದೀಪ ಹಚ್ಚುವ ಮುಸಲ್ಮಾನರೂ ನಮ್ಮ ಮಠದವರೂ ಒಟ್ಟಿಗೆ ಬಂದು ಭೀಮರಾಯರ ಮನೆಯ ಜಗಲಿಯ ಮೇಲೆ ಕುಳಿತರು. ಅವರು ಹಾಗೆ ಒಟ್ಟಿಗೆ ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭೀಮರಾಯರು ಓಣಿಯ ಹಿರಿಯರು. ಅವರೂ ಇನ್ನು ನಾಲ್ಕು ಮಂದಿ ಪಂಚರೂ ಸೇರಿ ಕಟ್ಟುಪಾಡು ಮಾಡಿದರು. ಈ ಓಣಿಯಲ್ಲಿ ಹೊಸ ಮನೆ ಕಟ್ಟುವವರು ಮೊದಲು ನಕಾಶೆ ತಂದು ಪಂಚರ ಮುಂದೆ ಇಡಬೇಕು. ಓಣಿಗೆ ಕಾಣುವ ಗೋಡೆ ನಮ್ಮ ಸೀಮೆಯ ಕರಿಕಲ್ಲಿನದಾಗಬೇಕು, ಬಾಗಿಲ ಕಮಾನು ಹಳೆಯ ಮನೆಗಳ ಕಮಾನಿನ ಹಾಗೇ ಇರಬೇಕು, ಮೇಲೆ ಮಣ್ಣಿನ ಮಾಳಿಗೆ, ಬಳಿಯುವುದು ಸುಣ್ಣ ಮಾತ್ರ. ಇವನ್ನೆಲ್ಲ ಯಾರು ಬೇಕಾದರೂ ನೋಡಿ ಹೇಳಬಹುದು. ಕಷ್ಟವಿದ್ದದ್ದು ಮೇಲಿನ ಖೋಲಿಯದು. ಮಾಳಿಗೆಯ ಮೇಲೆ ಖೋಲಿ ಕಟ್ಟಿದರೆ ಅದು ಗುಮ್ಮಟದ ಹೆಗಲನ್ನು ಮುಚ್ಚಬಾರದು. ಗೋಡೆ ಮುಗಿದು ಗುಮ್ಮಟ ದುಂಡಗಾಗಲು ತೊಡಗುವ ಜಾಗಕ್ಕೆ ಹೆಗಲು ಎಂದು ಹೆಸರಿಟ್ಟವರು ನಿನ್ನ ಅಪ್ಪ. ಖೋಲಿ ಬರುವ ಜಾಗದಲ್ಲಿ ಎರಡು ಬಿದಿರು ನಿಲ್ಲಿಸಿ, ಅದು ಎಷ್ಟು ಎತ್ತರ ಬರುತ್ತದೋ ಅಷ್ಟು ಎತ್ತರಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ಒಂದು ಬಿಳಿಯ ಧೋತರ ಹಾಕುತ್ತಾರೆ. ಒಬ್ಬರು ಓಣಿಯ ಬಾಯಲ್ಲಿರುವ ಕಟ್ಟೆಯ ಮೇಲೆ ನಿಂತು ನೋಡಬೇಕು. ಧೋತರ ಹೆಗಲಿಗೆ ತಾಗಿದರೆ ಮನೆ ಇಲ್ಲ. ಒಮ್ಮೆ ತಳ್ಳಿದ ಮನೆಯನ್ನು ಎರಡು ವರ್ಷ ಮತ್ತೆ ಕೇಳುವಂತಿಲ್ಲ. ಇಲ್ಲದಿದ್ದರೆ ವಾರಕ್ಕೊಮ್ಮೆ ಬಂದು ಪಂಚರ ತಲೆ ತಿನ್ನುತ್ತಾರೆ.

ಕಟ್ಟೆಯ ಮೇಲೆ ನಿಲ್ಲುವವರು ಯಾರು ಎಂಬ ಮಾತು ಬಂದಾಗ ಎಲ್ಲರೂ ನಿನ್ನ ಅಪ್ಪನ ಕಡೆ ನೋಡಿದರು. ಓಣಿಯ ಅರ್ಧ ಮನೆಗಳಿಗೆ ಕಲ್ಲಿಟ್ಟವರು ಅವರೇ. ಶೆಟ್ಟೆಪ್ಪ ಗೌಂಡಿ ನೋಡಿ ಹೊಂದತೈತಿ ಅಂದರೆ ಹೊಂದುತ್ತದೆ, ಹೊಂದೂದಿಲ್ಲ ಅಂದರೆ ಇಲ್ಲ, ಮುಂದೆ ಮಾತಿಲ್ಲ. ಊರ ಉಸಾಬರಿ ನಿಮಗೇಕೆ ಎಂದು ನಾನು ಆಗಲೇ ಅಂದಿದ್ದೆ. ಅವರು ಹೊಸ ರುಮಾಲು ಸುತ್ತಿಕೊಳ್ಳುತ್ತಿದ್ದರು, ಕೇಳಿಸಲಿಲ್ಲ.

ನಾಲ್ಕು ವರ್ಷದ ಹಿಂದೆ, ಒಂದು ದಿನ ಊಟಕ್ಕೆ ಕುಳಿತವರು ತಂಬಿಗೆಯ ನೀರನ್ನು ಲೋಟದ ಬಾಜೂಕ ಹೊಯ್ದರು. ನಾನು ನಕ್ಕೆ. ಅವರು ನಗಲಿಲ್ಲ. ಆಗ ತಿಳಿಯಿತು. ನಿಡಸೋಸಿ ಮಠಕ್ಕೆ ಹೋಗಿಬರುತ್ತೇವೆ ಎಂದು ಓಣಿಗೆ ಹೇಳಿ ಮಿರಜಿಗೆ ಹೋದೆವು. ಅಲ್ಲಿಯ ಡಾಕ್ಟರರು ಕಣ್ಣಿಗೆ ದೀಪ ಹಿಡಿದು ನೋಡಿ, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಒಣಗಿದ್ದು ಎಂದರು. ಮಠಕ್ಕೆ ಹೋದವರು ಪ್ರಸಾದ ತರಬೇಕಲ್ಲ. ಸಂಕೇಶ್ವರದ ಪೇಟೆಯಲ್ಲಿ ಬತ್ತಾಸು ಕೊಂಡು ಸ್ವಾಮಿಗಳ ಪ್ರಸಾದ ಎಂದು ಮನೆಮನೆಗೆ ಹಂಚಿದೆ. ಆ ಪಾಪವೂ ನನ್ನ ಹೆಸರಿಗೇ ಇದೆ. ನಿನಗೂ ಅಂಚೆಯಲ್ಲಿ ಒಂದು ಪುಡಿಕೆ ಕಳಿಸಿದ್ದೆ.

ಕಟ್ಟೆಯ ಕೆಲಸ ಬಿಟ್ಟುಬಿಡಿ ಎಂದು ನಾನು ಹೇಳಿದೆ. ಎರಡು ದಿನ ಅವರು ಊಟ ಮಾಡಲಿಲ್ಲ. ಮೂರನೆಯ ದಿನ ಒಂದೇ ಮಾತು ಅಂದರು: "ಕೈ ಕೆಲಸ ಹೋತು, ಹೋಗ್ಲಿ. ಕಣ್ಣೂ ಹೋತು ಅಂತ ಗೊತ್ತಾದ್ರ ಈ ಓಣ್ಯಾಗ ನಾ ಇದ್ದೂ ಇಲ್ಲದಂಗ." ನಾನು ಅವರನ್ನು ನಲವತ್ತು ವರ್ಷ ನೋಡಿದವಳು. ಗುದ್ದಲಿ ಕಾಲಿನ ಮೇಲೆ ಬಿದ್ದಾಗ ಕೂಡ ಅವರು ಅಂಥ ದನಿಯಲ್ಲಿ ಮಾತಾಡಿರಲಿಲ್ಲ. ಹಾಗಾಗಿ ಉಪಾಯ ಮಾಡಿದವಳು ನಾನೇ.

ಅವರಿಗೆ ತಲೆ ತಿರುಗುವ ಬೇನೆ ಎಂದು ಓಣಿಗೆ ಹೇಳಿದೆವು. ಅಂಥವರ ಮೊಣಕೈ ಹಿಡಿದು ಹೆಂಡತಿ ಜೊತೆಗೆ ನಡೆದರೆ ಯಾರು ಏನು ಅಂದಾರು? ತಲೆಯೂ ನೆರೆತಿತ್ತು, ನಾಚಿಕೆಯ ವಯಸ್ಸು ದಾಟಿತ್ತು. ಹಗ್ಗ ಹಿಡಿದ ದಿನ ನಾನು ಅವರನ್ನು ಕಟ್ಟೆಗೆ ಹತ್ತಿಸಿ, ಅವರ ಬಾಜೂಕ ನಿಂತು, ಧೋತರವನ್ನೂ ಗುಮ್ಮಟವನ್ನೂ ನೋಡುತ್ತಿದ್ದೆ. ಹೊಂದಿದರೆ ಮೊಣಕೈ ಬಿಡುತ್ತಿದ್ದೆ. ಹೊಂದದಿದ್ದರೆ ಹಿಡಿದೇ ಇರುತ್ತಿದ್ದೆ. ಅವರು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು. ಪಂಚರು ತಲೆಯಾಡಿಸುತ್ತಿದ್ದರು.

ಮನೆಯಲ್ಲಿ ಅವರು ನನಗೆ ಪಾಠ ಹೇಳಿದರು. ಮುದುಕಿಗೆ ಎರಡನೆಯ ಸಲ ಸಾಲಿ. ನೀನು ಹೆಣ್ಣುಮಕ್ಕಳ ಸಾಲಿಗೆ ಹೋಗುವಾಗ ನಿನ್ನ ಪಾಟಿಯ ಮೇಲೆ ಅಕ್ಷರ ಕಲಿತೆ, ಈಗ ನಿನ್ನ ಅಪ್ಪನಿಂದ ಗೋಡೆ ಓದುವುದನ್ನು ಕಲಿತೆ. ಒಂದೇ ಕಣ್ಣಿನಿಂದ ನೋಡಬೇಕು, ಬಿಸಿಲು ಏರುವ ಮೊದಲು ನೋಡಬೇಕು, ಮೊದಲು ಗುಮ್ಮಟ ನೋಡಿ ಆಮೇಲೆ ಧೋತರ ನೋಡಬೇಕು, ಉಲ್ಟಾ ಮಾಡಿದರೆ ಕಣ್ಣು ಮೋಸ ಮಾಡುತ್ತದೆ. ಅಲ್ಲಿಯವರೆಗೆ ಈ ಓಣಿಯಲ್ಲಿ ತಲೆ ಬಗ್ಗಿಸಿ ನೀರು ಹೊತ್ತವಳು ನಾನು. ಮನೆಗಳು ಒಂದರ ಭುಜಕ್ಕೆ ಒಂದು ತಾಗಿ ಹೇಗೆ ನಿಂತಿವೆ, ಯಾವ ಕಮಾನು ಯಾವುದಕ್ಕೆ ಅಕ್ಕ, ಯಾವುದಕ್ಕೆ ತಂಗಿ, ಇದೆಲ್ಲ ನನಗೆ ಆಗ ಕಂಡಿತು. ಖರೆ ಹೇಳುತ್ತೇನೆ, ನನಗೆ ಅದು ಸೇರಿತು. ಮೂರನೆಯ ಸಲಕ್ಕೆ ಅವರಿಗಿಂತ ಮೊದಲು ನಾನೇ ಕಟ್ಟೆ ಏರಿದ್ದೆ.

ಐದು ಮನೆ ನೋಡಿದೆ. ಮೂರನ್ನು ಬಿಟ್ಟೆ, ಎರಡನ್ನು ತಡೆದೆ. ಬಿಟ್ಟದ್ದರಲ್ಲಿ ಫಕೀರವ್ವನದೂ ಒಂದು. ಅವಳ ಖೋಲಿಯ ಧೋತರ ಹೆಗಲಿಗೆ ಒಂದು ಬೆರಳಷ್ಟು ತಾಗಿತ್ತು. ಗಂಡ ಸತ್ತು ಮೂರು ಮಕ್ಕಳನ್ನು ಕಟ್ಟಿಕೊಂಡು ಕೆಳಗಿನ ಒಂದೇ ಖೋಲಿಯಲ್ಲಿ ಇದ್ದವಳು. ನಾನು ಮೊಣಕೈ ಬಿಟ್ಟೆ. ಮನೆಗೆ ಬಂದು ಅವರಿಗೆ ಹೇಳಿದೆ. ಗುಮ್ಮಟ ಒಂದು ಬೆರಳು ಸಹಿಸಿಕೊಳ್ಳುತ್ತದೆ ಬಿಡು ಎಂದು ನಕ್ಕರು.

ಆಮೇಲೆ ನಿಮ್ಮದು ಬಂತು. ನಮ್ಮ ಮನೆಗೆ ಓರೆಯಾಗಿ ಎದುರಿಗಿದ್ದ, ಬಿದ್ದುಹೋದ ಮನೆಯ ಜಾಗವನ್ನು ರಾಜಪ್ಪನವರು ಕೊಂಡರು. ಕೆಳಗೆ ಅಂಗಡಿ, ಮೇಲೆ ವಾಸಕ್ಕೆ ಖೋಲಿ, ಅದಕ್ಕೆ ನಮ್ಮ ಅಂಗಳದ ಕಡೆಗೆ ಕಿಟಕಿ. ನೀನು ಬರೆದ ಕಾಗದ ಇನ್ನೂ ಇದೆ. ಅತ್ತೆಯ ಮನೆಯಲ್ಲಿ ಹದಿನಾಲ್ಕು ಜನರ ನಡುವೆ ನನ್ನದು ಅನ್ನುವ ಮೂಲೆ ಇಲ್ಲ ಅವ್ವಾ, ಅಲ್ಲಿಗೆ ಬಂದರೆ ಕಿಟಕಿಯಲ್ಲಿ ನಿಂತು ನೀನು ರೊಟ್ಟಿ ಬಡಿಯುವುದನ್ನು ನೋಡುತ್ತೇನೆ ಎಂದು ಬರೆದಿದ್ದೆ. ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು. ನನಗೆ ಆ ಕಿಟಕಿಯದೇ ಚಿಂತೆ ಹತ್ತಿತು.

ಆ ಅಂಗಳದಲ್ಲಿ ಬೆಳಗಾದರೆ ಏನು ನಡೆಯುತ್ತಿತ್ತು ಗೊತ್ತೇ? ನಾನು ಅವರ ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದೆ. ಲಿಂಗಪೂಜೆಗೆ ವಿಭೂತಿ ಎಲ್ಲಿದೆ, ಪತ್ರಿ ಎಲ್ಲಿದೆ ಎಂದು ಬೆರಳು ಮುಟ್ಟಿಸಿ ತೋರಿಸುತ್ತಿದ್ದೆ. ಗಂಗಾಳದಲ್ಲಿ ಪಲ್ಯ ಎಡಕ್ಕೆ, ಚಟ್ನಿ ಬಲಕ್ಕೆ ಎಂದು ಹೇಳುತ್ತಿದ್ದೆ. ನೀನು ಹಬ್ಬಕ್ಕೆ ಬಂದರೆ ಎರಡು ದಿನ. ಎರಡು ದಿನ ನಾವು ಹೇಗೋ ನಿಭಾಯಿಸುತ್ತಿದ್ದೆವು. ಅವರು ಕಂಬಕ್ಕೆ ಒರಗಿ ಕುಳಿತುಬಿಡುತ್ತಿದ್ದರು, ತಲೆ ತಿರುಗುತ್ತದೆ ಎಂದು ನಾನು ಹೇಳುತ್ತಿದ್ದೆ. ದಿನವೂ ಕಿಟಕಿಯಲ್ಲಿ ನಿಂತರೆ ಒಂದೇ ಬೆಳಿಗ್ಗೆಯಲ್ಲಿ ನಿನಗೆ ತಿಳಿಯುತ್ತಿತ್ತು. ನಿನಗೆ ತಿಳಿದರೆ ಊರಿಗೆ ತಿಳಿದ ಹಾಗೆ. ಸಣ್ಣವಳಿದ್ದಾಗಿನಿಂದ ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಅಲ್ಲಿಗೆ ಅವರ ಕಟ್ಟೆ ಹೋಗುತ್ತಿತ್ತು. ನನ್ನದೂ ಹೋಗುತ್ತಿತ್ತು. ಅವರ ಮಾನ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನನ್ನದೂ ಅದರಲ್ಲಿ ಇತ್ತು.

ಹಗ್ಗ ಹಿಡಿದ ದಿನ ನೀನು ಇರಲಿಲ್ಲ, ಅಳಿಯಂದಿರು ಇದ್ದರು, ಹೊಸ ಕೋಟು ಹಾಕಿಕೊಂಡು ಬಂದಿದ್ದರು. ಸಾತಪ್ಪ ನಿಮ್ಮ ಜಾಗದಲ್ಲಿ ಬಿದಿರು ಹಿಡಿದು ನಿಂತಿದ್ದ. ಅವನು ನಿನ್ನ ಅಪ್ಪನ ಕೈಕೆಳಗೆ ಕೆಲಸ ಕಲಿತ ಗೌಂಡಿ, ನಿಮ್ಮ ಮನೆ ಕಟ್ಟಲು ಒಪ್ಪಿಕೊಂಡವನು. ಪಂಚರು ಬೇವಿನ ನೆರಳಿನಲ್ಲಿದ್ದರು. ನಾನು ಅಪ್ಪನನ್ನು ಕಟ್ಟೆಗೆ ಹತ್ತಿಸಿದೆ. ಮೊದಲು ಗುಮ್ಮಟ ನೋಡಿದೆ, ಆಮೇಲೆ ಧೋತರ. ಒಂದು ಬೆರಳಷ್ಟು ತಾಗಿತ್ತು. ಒಂದು ಬೆರಳಿಗೆ ಫಕೀರವ್ವನನ್ನು ಬಿಟ್ಟವಳು ನಾನು. ನಿನಗೆ ಬಿಡಲಿಲ್ಲ. ಮೊಣಕೈಯನ್ನು ಹಿಡಿದೇ ನಿಂತೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಅಷ್ಟು ಹೊತ್ತು ಅವರು ಎಂದೂ ತೆಗೆದುಕೊಂಡಿರಲಿಲ್ಲ. ಮಗಳ ಮನೆ, ಹೇಳಲು ಮನಸ್ಸು ಬರುತ್ತಿಲ್ಲ ಎಂದು ಪಂಚರು ತಿಳಿದರು. ನಾನೂ ಹಾಗೇ ತಿಳಿದೆ. ನನ್ನ ಬೆರಳು ಸಡಿಲಾಗುತ್ತದೇನೋ ಎಂದು ಅವರು ಕಾಯುತ್ತಿದ್ದರು. ಸಡಿಲಾಗಲಿಲ್ಲ. ಕೊನೆಗೆ, ಹೊಂದೂದಿಲ್ರಿ, ಅಂದರು. ರಾಜಪ್ಪನವರು ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತ ಗಾಡಿಯ ಕಡೆ ನಡೆದರು.

ನೀನು ನಾಲ್ಕನೆಯ ದಿನ ಬಂದೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತೆ. ನೀನು ಅಂದ ಮಾತು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. "ಅಪ್ಪಾ, ನಿನ್ನ ಕಣ್ಣಿಗೆ ಗುಮ್ಮಟ ಅಷ್ಟ ಕಾಣತೈತಿ. ಮಗಳು ಕಾಣಂಗಿಲ್ಲ." ಅವರು ಕಂಬದ ಕಡೆ ಮುಖ ಮಾಡಿದರು. ಮುಖ ತಿರುಗಿಸಿಕೊಂಡರು ಎಂದು ನೀನು ತಿಳಿದೆ. ಅಲ್ಲ ಮಗಳೇ. ನಮ್ಮ ಪಡಸಾಲೆಯಲ್ಲಿ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ನೀನು ಆ ಕಡೆ ನಿಂತಿದ್ದೀ ಎಂದು ಅವರು ಆ ಕಡೆ ತಿರುಗಿದರು. ನಿನ್ನನ್ನು ನೋಡಲಿಕ್ಕೇ ತಿರುಗಿದ್ದು. ನಾನು ಒಲೆಯ ಮುಂದೆ ಕುಳಿತು ಎಲ್ಲ ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನೀನು ಹೋದ ಮೇಲೆ, ಆಕೆ ಹೋದಳೇ ಎಂದು ಅವರು ಕೇಳಿದರು. ಹೋದಳು ಎಂದೆ.

ಆಮೇಲೆ ಎರಡು ವರ್ಷ ನೀನು ಬರಲಿಲ್ಲ. ಟಪಾಲಿನವನ ಕಾಲಿನ ಸಪ್ಪಳ ಅವರಿಗೆ ಗೊತ್ತಿತ್ತು. ಅವನು ನಮ್ಮ ಮನೆ ದಾಟಿ ಹೋದ ಮೇಲೆ, ಮೂಡಲಗಿಯಿಂದ ಏನಾದರೂ ಇತ್ತೇ ಎಂದು ಕೇಳುತ್ತಿದ್ದರು. ಇಲ್ಲ ಎಂದು ಹೇಳುವುದು ನನಗೆ ಊಟಕ್ಕೆ ಏಳಿ ಎಂದು ಹೇಳಿದ ಹಾಗೆ ಆಗಿಹೋಗಿತ್ತು. ಸಂಕಟ ದಿನವೂ ಬಂದರೆ ಸಂಕಟ ಅನಿಸುವುದಿಲ್ಲ, ಮನೆಯ ಒಂದು ಕೆಲಸ ಅನಿಸುತ್ತದೆ. ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ ಊಟ ಮಾಡಿ ಕಂಬಕ್ಕೆ ಒರಗಿದರು. ನಾನು ಪಾತ್ರೆ ತಿಕ್ಕಿ ಬಂದು ಎಲೆಯಡಿಕೆ ಕೊಡಲು ಹೋದೆ. ಕೈ ಚಾಚಲಿಲ್ಲ. ಅಷ್ಟೇ. ಬೇನೆ ಬೀಳಲಿಲ್ಲ, ಯಾರಿಗೂ ಕಷ್ಟ ಕೊಡಲಿಲ್ಲ.

ಹೋದ ಗುರುವಾರ ಭೀಮರಾಯರು ಬಂದರು, ಜೊತೆಗೆ ಸಾತಪ್ಪ. ಎರಡು ವರ್ಷದ ಗಡುವು ಮುಗಿದಿದೆ, ನಿಮ್ಮ ಅಳಿಯಂದಿರು ಅದೇ ನಕಾಶೆ ಮತ್ತೆ ತಂದಿಟ್ಟಿದ್ದಾರೆ ಎಂದರು. ಇದು ನಿನಗೆ ಗೊತ್ತೋ, ಅವರು ನಿನಗೆ ಹೇಳದೆ ಮಾಡಿದ್ದೋ ನನಗೆ ತಿಳಿಯದು. ಹೇಳದೆ ಮಾಡಿದ್ದರೆ ಅವರ ಮೇಲೆ ಹರಿಹಾಯಬೇಡ. ಮಾವ ಹೋದ ಮೇಲೆ ನಿನ್ನನ್ನು ನನ್ನ ಹತ್ತಿರ ತರಬೇಕೆಂದು ಮಾಡಿರಬೇಕು, ಒಳ್ಳೆಯ ಮನುಷ್ಯ. ಆಮೇಲೆ ಭೀಮರಾಯರು, ತಾ. ೨೧ರ ಸೋಮವಾರ ಕಟ್ಟೆಯ ಮೇಲೆ ನೀನೇ ನಿಲ್ಲಬೇಕು ಎಂದು ನನಗೆ ಹೇಳಿದರು. ಹೆಂಗಸಿಗೆ ಅದೆಲ್ಲ ಏನು ತಿಳಿಯುತ್ತದೆ ಎಂದು ನಾನು ಸೆರಗು ಎಳೆದುಕೊಂಡೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ಓಣಿಗೆಲ್ಲಾ ಗೊತ್ತಿತ್ತವ್ವಾ," ಎಂದರು. "ಗೌಂಡ್ಯಾರ ಕಣ್ಣು ಹೋದದ್ದೂ ಗೊತ್ತಿತ್ತು, ನೀ ನೋಡೂದೂ ಗೊತ್ತಿತ್ತು. ನಿನ್ನ ನೋಟ ಚಲೋ ಇತ್ತು, ಸುಮ್ಮನಿದ್ವಿ. ಅವರ ಮುಂದ ಅದನ್ಯಾಕ ಆಡೂದು ಅಂತ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ನಾಲ್ಕು ವರ್ಷ ಕುಡಿದೆ. ಇಡೀ ಓಣಿ ನೋಡುತ್ತ ನಿಂತಿತ್ತು, ಮರ್ಯಾದೆಗೆ ಬಾಯಿ ಮುಚ್ಚಿಕೊಂಡು. ಆ ಟಪಾಲಿನವನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನೀನೊಬ್ಬಳೇ. ಮುಚ್ಚಿಡುವುದಕ್ಕಾಗಿ ನಿನ್ನನ್ನು ದೂರ ಇಟ್ಟೆ, ದೂರ ಇಟ್ಟದ್ದರಿಂದಲೇ ನಿನಗೆ ಗೊತ್ತಾಗಲಿಲ್ಲ. ಭೀಮರಾಯರೂ ಸಾತಪ್ಪನೂ ಹೋದ ಮೇಲೆ ಬಟ್ಟಲುಗಳನ್ನು ತೊಳೆದಿಟ್ಟೆ. ಎದೆ ಒಡೆಯಬೇಕಿತ್ತು. ಏನೂ ಆಗಲಿಲ್ಲ. ಜೋಳ ಹಸನು ಮಾಡುವುದು ಉಳಿದಿತ್ತು, ಮಾಡಿದೆ.

ಈ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ನಾನು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಒಂದೇ ಮಾತು ಕೇಳುತ್ತೇನೆ. ಸೋಮವಾರ ನೀನು ಬಾ. ತವರಿಗೆ ಬರುತ್ತೇನೆ ಎಂದು ತಿಳಿಯಬೇಡ, ನಿನ್ನ ಜಾಗ ನೋಡಲು ಬಾ. ಬೆಳಿಗ್ಗೆ ಕೊಣ್ಣೂರಿನ ಕಡೆಯಿಂದ ಬರುವ ಗಾಡಿ ಹಿಡಿದರೆ ಬಿಸಿಲು ಏರುವ ಮೊದಲು ಮುಟ್ಟುತ್ತೀ. ಕಟ್ಟೆಯ ಮೇಲೆ ನಾನು ನಿಲ್ಲುವುದಿಲ್ಲ, ನನ್ನ ಮಗಳು ನಿಲ್ಲುತ್ತಾಳೆ ಎಂದು ಪಂಚರಿಗೆ ಹೇಳಿದ್ದೇನೆ. ಅವರು ಮುಖ ಮುಖ ನೋಡಿಕೊಂಡರು, ಬೇಡ ಅನ್ನಲಿಲ್ಲ. ಮೊದಲು ಗುಮ್ಮಟ ನೋಡು, ಆಮೇಲೆ ಧೋತರ. ನಿನ್ನ ಕಣ್ಣಿಗೆ ಏನು ಕಾಣುತ್ತದೋ ಅದನ್ನೇ ಹೇಳು. ನಿನ್ನ ಮೊಣಕೈಯನ್ನು ಯಾರೂ ಹಿಡಿಯುವುದಿಲ್ಲ. ನಾನು ಮನೆಯಲ್ಲಿಯೇ ಇರುತ್ತೇನೆ. ನನ್ನನ್ನು ನೋಡದೆ ಹೋದರೂ ನಡೆಯುತ್ತದೆ.

ಅತ್ತೆ ಮಾವಂದಿರಿಗೆ ಶರಣು ಹೇಳು. ಅಳಿಯಂದಿರ ಕೆಮ್ಮು ಹೇಗಿದೆ ಎಂದು ಬರೆ, ಬರೆಯುವ ಮನಸ್ಸಿದ್ದರೆ.

ನಿನ್ನ ಅವ್ವ,
ಅಕ್ಕವ್ವ

ತಾ. ಕ.: ಒಂದು ಬೆರಳಷ್ಟು ತಾಗಿತ್ತು ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕು. ಸೋಮವಾರ ನೀನು ಕಟ್ಟೆಯ ಮೇಲೆ ನಿಂತರೆ ನಿನಗೇ ಕಾಣುತ್ತದೆ, ಅದಕ್ಕೆ ಮೊದಲು ನಾನೇ ಹೇಳುವುದು ಸರಿ. ಧೋತರ ಎಲ್ಲಿಯೂ ತಾಗಿರಲಿಲ್ಲ. ಹೆಗಲಿಗಿಂತ ಕೆಳಗೆ ಗೇಣುದ್ದ ಗೋಡೆ ಚೆನ್ನಾಗಿ ಕಾಣುತ್ತಿತ್ತು. ನಾನು ನೋಡಿದ ಮನೆಗಳಲ್ಲಿ ನಿನ್ನದರಷ್ಟು ಚೆನ್ನಾಗಿ ಹೊಂದಿದ್ದು ಇನ್ನೊಂದಿಲ್ಲ.

ಆ ಎತ್ತರ ಕೊಟ್ಟವರು ನಿನ್ನ ಅಪ್ಪ. ಗುರುವಾರ ಭೀಮರಾಯರು ಎದ್ದುಹೋದ ಮೇಲೆ ಸಾತಪ್ಪ ಹಿಂದೆ ಉಳಿದು ಹೇಳಿದ. ನಿಮ್ಮ ನಕಾಶೆ ಬರೆಯುವ ಮೊದಲು, ನಾನು ಕಲ್ಲೋಳಿಗೆ ತಂಗಿಯ ಮನೆಗೆ ಹೋಗಿದ್ದ ದಿನ, ಅವರು ಅವನ ಕೈ ಹಿಡಿದು ನಿಮ್ಮ ಜಾಗಕ್ಕೆ ಹೋದರಂತೆ. ಬಾಜೂ ಮನೆಯ ಗೋಡೆ ಮುಟ್ಟಿ, ಕಲ್ಲಿನ ಸಾಲುಗಳನ್ನು ಒಂದೊಂದಾಗಿ ಬೆರಳಿನಿಂದ ಎಣಿಸಿ, ಖೋಲಿ ಇಷ್ಟೇ ಸಾಲು ಏರಲಿ, ಇದಕ್ಕೆ ಯಾರೂ ಇಲ್ಲ ಅನ್ನಲಾರರು, ಅಕ್ಕವ್ವನಿಗೆ ಈಗಲೇ ಹೇಳಬೇಡ, ಮಗಳು ಬಂದ ಮೇಲೆ ಆಕೆಗೆ ತಿಳಿಯಲಿ ಎಂದರಂತೆ. ಕಟ್ಟೆಯ ಮೇಲೆ ನಾನು ಮೊಣಕೈ ಹಿಡಿದು ನಿಂತಾಗ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದಕ್ಕೇ. ಆಮೇಲೆ ಸಾತಪ್ಪನಿಗೆ ಅವರು ಅಂದದ್ದು ಇದು: "ನನ್ನ ಬೆರಳು ಎಣಕಿ ತಪ್ಪಿದ್ವು ನೋಡೋ. ಅಕೀ ಕಣ್ಣು ತಪ್ಪೂದಿಲ್ಲ." ಅಂದಿನಿಂದ ಅವರು ಗೋಡೆ ಮುಟ್ಟಿ ನೋಡುವುದನ್ನು ಬಿಟ್ಟರು.

ಗಂಡ ನನ್ನನ್ನು ಎಷ್ಟು ನಂಬಿದ್ದರು ಎಂದು ಕೇಳಿ ನನಗೆ ಸಮಾಧಾನವಾಗಲಿ ಎಂದು ಸಾತಪ್ಪ ಇದನ್ನು ಹೇಳಿದ.